ರಜೆ ಹಾಕಿದ ದಿನ ಆಫೀಸಿಗೆಂದು ಹೊರಟ ನಿಮಗೆ

ಪ್ರೀತಿಯ ಮೇಡಂ,

ನನಗೆ 45 ವರ್ಷ. ಮುಲುಂಡ್ ಪೂರ್ವದಲ್ಲಿ ಮನೆ, ಫೋರ್ಟ್‌ನಲ್ಲಿ ಕೆಲಸ. ಗಂಡನದು ಥಾಣೆಯಲ್ಲಿ ಸಣ್ಣ ವ್ಯವಹಾರ. ಮಗಳು ಹನ್ನೆರಡನೆಯ ತರಗತಿ, ಮಗ ಏಳನೆಯದು. ಅತ್ತೆ ನಮ್ಮ ಜೊತೆಗೇ ಇದ್ದಾರೆ, ಕಾರ್ಕಳದ ಕಡೆಯವರು. ಮನೆಯಲ್ಲಿ ಜಗಳವಿಲ್ಲ, ಸಾಲವಿಲ್ಲ, ಗಂಡನಿಗೆ ಕೆಟ್ಟ ಚಟ ಯಾವುದೂ ಇಲ್ಲ. ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ ಎಂದು ಗೊತ್ತಾಗಲಿ ಅಂತ ಇದನ್ನು ಮೊದಲೇ ಹೇಳಿದೆ.

ಚೌತಿ ಬಂತೆಂದರೆ ಹೊಸ ವರ್ಷದ ತನಕ ನಮ್ಮಲ್ಲಿ ಒಂದಲ್ಲ ಒಂದು ಹಬ್ಬ. ನವರಾತ್ರಿ ಕಳೆಯುವಷ್ಟರಲ್ಲಿ ದೀಪಾವಳಿಯ ಸಾಫಸಫಾಯಿ ಶುರು. ನಮ್ಮ ಬಿಲ್ಡಿಂಗಿನಲ್ಲಿ ಮರಾಠಿಯವರು, ಗುಜರಾತಿಗಳು, ನಾವು ಎಲ್ಲರೂ ಒಬ್ಬರಿಗೊಬ್ಬರು ದೀಪಾವಳಿ ತಿಂಡಿಯ ಫರಾಳ್ ಡಬ್ಬಿ ಕೊಡುತ್ತೇವೆ. ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸುವ ಹಾಗಿಲ್ಲ. ಆಫೀಸಿನಿಂದ ಬಂದು ರಾತ್ರಿ ಹನ್ನೊಂದರವರೆಗೆ ಚಕ್ಕುಲಿ ಒತ್ತಿದ್ದೇನೆ. ಡಿಸೆಂಬರಿನಲ್ಲಿ ಮಕ್ಕಳ ಕ್ರಿಸ್‌ಮಸ್ ರಜೆಗೆ ಊರಿನಿಂದ ನಾದಿನಿಯ ಸಂಸಾರ ಬಂತು. ಬೆಳಗಿನ ಜಾವ ಥಾಣೆಯಲ್ಲಿ ಮತ್ಸ್ಯಗಂಧ ರೈಲು ಇಳಿದು ಅವರು ಮನೆ ತಲುಪುವ ಹೊತ್ತಿಗೆ ಚಹಾ, ತಿಂಡಿ ತಯಾರಿರಬೇಕು. ಗೇಟ್‌ವೇ, ಸಿದ್ಧಿವಿನಾಯಕ, ಮಹಾಲಕ್ಷ್ಮಿ ಎಂದು ದಿನವೂ ತಿರುಗಾಟ. ಒಂದು ಸಂಜೆ ಎಲ್ಲರೂ ಸುತ್ತಾಡಿ ಬಂದಾಗ ನಾದಿನಿ ಸೋಫಾದ ಮೇಲೆ ಕಾಲು ಚಾಚಿ, "ರಜೆ ಅಂದ್ರೆ ಹೀಗಿರಬೇಕು" ಎಂದರು. ಪ್ರೀತಿಯಿಂದಲೇ ಹೇಳಿದ್ದು. ಒಳಗೆ ನೀರುದೋಸೆ ಹೊಯ್ಯುತ್ತಿದ್ದ ನನಗೆ ಕಣ್ಣು ತುಂಬಿ ಬಂತು.

ಅವರು ಊರಿಗೆ ಮರಳಿದ ಮೇಲೆ, ವರ್ಷದ ಲೆಕ್ಕದಲ್ಲಿ ಉಳಿದಿದ್ದ ಒಂದು ಸಿ.ಎಲ್. ಹಾಕಿದೆ. ಮನೆಯಲ್ಲಿ ಹೇಳಲಿಲ್ಲ. ಎಂದಿನ ಹಾಗೆ ಡಬ್ಬಿ ಕಟ್ಟಿಕೊಂಡು, ಎಂದಿನ ಲೋಕಲ್ ಹತ್ತಿ, ಮಾಟುಂಗಾದಲ್ಲಿ ಇಳಿದುಬಿಟ್ಟೆ. ಹೂವಿನ ಅಂಗಡಿಗಳ ಮುಂದೆ ಸುಮ್ಮನೆ ನಡೆದೆ. ಮಧ್ಯಾಹ್ನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಒಬ್ಬಳೇ ಕೂತು ಬಾಳೆಎಲೆಯಲ್ಲಿ ಊಟ ಮಾಡಿದೆ. ಬಡಿಸುವವರು "ಇನ್ನೊಂಚೂರು ಅನ್ನ?" ಎಂದಾಗ ಗಂಟಲು ಕಟ್ಟಿತು. ಆಮೇಲೆ ಫೈವ್ ಗಾರ್ಡನ್‌ನ ಮರದ ನೆರಳಲ್ಲಿ ಕೂತಿದ್ದೆ. ಎಂದಿನ ಹೊತ್ತಿಗೆ ಮನೆಗೆ ಬಂದೆ.

ಆ ದಿನ ನನಗೆ ತುಂಬಾ ಖುಷಿಯಾಗಿತ್ತು, ಮೇಡಂ. ಈಗ ಹೆದರಿಕೆಯಾಗುತ್ತಿರುವುದೂ ಅದಕ್ಕೇ. ಮಗಳು "ಇವತ್ತು ಆಫೀಸಲ್ಲಿ ಏನಮ್ಮ ವಿಶೇಷ?" ಎಂದಾಗ ಒಂದು ಕತೆ ಕಟ್ಟಿ ಹೇಳಿದೆ. ಗಂಡನಿಗೆ ನಾನು ಸುಳ್ಳು ಹೇಳಿದವಳಲ್ಲ. ಮನೆಯವರು ಜೊತೆಗಿಲ್ಲದಾಗ ಸುಖಪಡುವವಳು ಎಂಥ ಹೆಂಗಸು? ಇದು ಖಿನ್ನತೆಯೇ? ಗಂಡನಿಗೆ ಹೇಳಲೇ, ಬಿಡಲೇ? ಮತ್ತೊಮ್ಮೆ ಹಾಗೆ ಹೋಗಬೇಕು ಅನಿಸುತ್ತಿದೆ, ಏನು ಮಾಡಲಿ?

ಹೆಸರು ಬೇಡ, ಮುಲುಂಡ್ ಪೂರ್ವ

*

ಪ್ರೀತಿಯ ಸೋದರಿ,

ಗಂಡನಿಗೆ ಹೇಳಿ. ಮತ್ತೊಮ್ಮೆ ಹೋಗಿ. ಎರಡನೆಯದಕ್ಕಿಂತ ಮೊದಲನೆಯದು ಮೊದಲು ಆಗಲಿ. ನಿಮ್ಮ ಪ್ರಶ್ನೆಗಳಿಗೆ ಚುಟುಕು ಉತ್ತರ ಇಷ್ಟೇ. ಆದರೆ "ಎಂಥ ಹೆಂಗಸು" ಎಂದು ನಿಮ್ಮನ್ನೇ ಕೇಳಿಕೊಂಡಿದ್ದೀರಲ್ಲ, ಆ ಮಾತು ನನ್ನನ್ನು ಬಹಳ ನೋಯಿಸಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಪತ್ರವನ್ನು ಇನ್ನೊಮ್ಮೆ ಓದಿ ನೋಡಿ. ಮಗಳ ತರಗತಿ, ಮಗನ ತರಗತಿ, ಗಂಡನ ಒಳ್ಳೆಯತನ, ನಾದಿನಿಯ ಮಾತಿನಲ್ಲಿದ್ದ ಪ್ರೀತಿ, ಎಲ್ಲವೂ ಅದರಲ್ಲಿದೆ. ಮನೆಯವರು ಬೇಡವಾದ ಹೆಂಗಸು ಹೀಗೆ ಬರೆಯುವುದಿಲ್ಲ. ಆ ದಿನ ನಿಮಗೆ ಸುಖ ಕೊಟ್ಟದ್ದು ಏನೆಂದು ನೀವೇ ಬರೆದಿದ್ದೀರಿ: ಯಾರೋ ಬಡಿಸಿದರು, ನೀವು ಉಂಡಿರಿ. ಸಾಕೇ, ಬೇಕೇ ಎಂದು ನಿಮ್ಮನ್ನು ಒಬ್ಬರು ಕೇಳಿದರು. ರಾಮ ನಾಯಕರು 1942ರಲ್ಲಿ ಆ ಬೋರ್ಡಿಂಗ್ ತೆರೆದಾಗ ಊರು ಬಿಟ್ಟು ಬಂದ ಒಂಟಿ ಗಂಡಸರಿಗೆ ಮನೆಯೂಟದ ಆಸೆ ಕಾಡುತ್ತಿದ್ದ ಕಾಲ. ಅಡುಗೆಮನೆ ಇಲ್ಲದವರ ಹಸಿವನ್ನು ತಣಿಸಿದ ಆ ಪಂಕ್ತಿಯಲ್ಲಿ ಈಗ ಅಡುಗೆಮನೆಯಿಂದಲೇ ದಣಿದವಳೊಬ್ಬಳು ಕೂತು ಉಂಡಿದ್ದಾಳೆ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನೀವು ಇಳಿದ ಮಾಟುಂಗಾ ಸ್ಟೇಷನ್ನನ್ನು 2017ರಿಂದ ಪೂರ್ತಿ ಮಹಿಳಾ ಸಿಬ್ಬಂದಿಯೇ ನಡೆಸುತ್ತಿದ್ದಾರೆ. ಟಿಕೆಟ್ ಕಿಟಕಿಯ ಆಚೆ ಕೂತ ಆ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಪಾಳಿ ಮುಗಿಸಿ ಮನೆಗೆ ಹೋಗಿ ಒಲೆ ಹಚ್ಚುವವರೇ.

ನಿಮ್ಮ ದಣಿವು ನಿಮ್ಮ ಕಲ್ಪನೆಯಲ್ಲ. ಕೇಂದ್ರ ಸರಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಆಗ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಮನೆಗೆಲಸಕ್ಕೆ ಕೈ ಹಾಕುವ ಗಂಡಸರನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ. ಹಾಗೆ ಕೈ ಹಾಕುತ್ತಿದ್ದವರು ನೂರಕ್ಕೆ 26 ಮಂದಿ ಮಾತ್ರ. ಇವು ವರ್ಷವಿಡೀ ಲೆಕ್ಕ ಹಿಡಿದ ಸರಾಸರಿಗಳು, ದೀಪಾವಳಿಯ ವಾರದಲ್ಲಿ ಹೇಗಿರುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಇದರ ಮೇಲೆ ನಿಮಗೆ ಆಫೀಸಿದೆ, ದಿನಕ್ಕೆ ಎರಡು ಸಲ ಸುಮಾರು ಒಂದು ಗಂಟೆಯ ಲೋಕಲ್ ಇದೆ. ಸಂಜೆಯ ಲೇಡೀಸ್ ಡಬ್ಬಿಯಲ್ಲಿ ಘಾಟ್‌ಕೋಪರ್ ದಾಟುವುದರೊಳಗೆ ಮಡಿಲಿನಲ್ಲಿ ಮೆಂತೆಸೊಪ್ಪು ಬಿಡಿಸಿ ಮುಗಿಸುವ ಹೆಂಗಸರನ್ನು ನೀವು ದಿನವೂ ನೋಡುತ್ತೀರಿ. ಬಹುಶಃ ನೀವೂ ಬಿಡಿಸಿದ್ದೀರಿ.

ಮುಂಬಯಿಯ ನಮ್ಮ ಮನೆಗಳಿಗೆ ಇನ್ನೊಂದು ಭಾರವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನ ಕುಟುಂಬದ ಮನೆಯಲ್ಲಿ ಪರ್ಬ ಎಂದರೆ ಒಬ್ಬಳು ಅಕ್ಕಿ ರುಬ್ಬುವಳು, ಒಬ್ಬಳು ಕಾಯಿ ತುರಿಯುವಳು, ಇನ್ನೊಬ್ಬಳು ಅಂಗಳ ಸಾರಿಸುವಳು, ಮುದುಕಿಯರು ಕೂತಲ್ಲಿಂದಲೇ ಸೊಪ್ಪು ಹೆಚ್ಚುವರು. ಕೆಲಸ ಬೆಟ್ಟದಷ್ಟಿದ್ದರೂ ಕೈಗಳಿದ್ದವು, ಮಾತಿತ್ತು, ನಗುವಿತ್ತು. ಹೋಟೆಲು, ಕ್ಯಾಂಟೀನು, ಬ್ಯಾಂಕು ಎಂದು ನಮ್ಮವರು ಇಲ್ಲಿಗೆ ಬಂದು ನೆಲೆಯೂರಿ, ಆಮೇಲೆ ಸಂಸಾರ ತಂದು, ಮುಲುಂಡ್‌ನಲ್ಲೋ ಡೊಂಬಿವಲಿಯಲ್ಲೋ ಎರಡು ಕೋಣೆಯ ಮನೆ ಮಾಡಿದಾಗ ಹಬ್ಬವೂ ಜೊತೆಗೆ ಬಂತು. ಹಬ್ಬ ಮಾಡುವ ಕೈಗಳು ಊರಿನಲ್ಲೇ ಉಳಿದವು. ಹತ್ತು ಜನ ಮಾಡುತ್ತಿದ್ದುದನ್ನು ಒಬ್ಬಳು ಮಾಡಬೇಕಾಯಿತು. ಅಷ್ಟಕ್ಕೇ ನಿಲ್ಲಲಿಲ್ಲ. ಇಲ್ಲಿನ ಕರಂಜಿ, ಶಂಕರಪಾಳಿ, ಆಕಾಶಕಂದೀಲು, ಭಾವೂಬೀಜ್ ಕೂಡ ನಮ್ಮವಾದವು. ಇದು ಒಳ್ಳೆಯದೇ, ನೆರೆಯವರ ಹಬ್ಬವನ್ನು ನಮ್ಮದೆಂದು ಮಾಡಿಕೊಂಡವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಎರಡು ಸೀಮೆಗಳ ದೀಪಾವಳಿ ಒಂದೇ ಜೊತೆ ಕೈಗಳ ಮೇಲೆ ಬಿದ್ದಿದೆ.

ರಜೆಯ ದಾರಿಯೂ ಬದಲಾಗಿದೆ. ಹಿಂದೆ ರಜೆ ಎಂದರೆ ಮುಂಬಯಿಯವರು ಬಸ್ಸು ಹತ್ತಿ, ಘಟ್ಟ ಸುತ್ತಿ, ಸುಸ್ತಾಗಿ ಊರು ಸೇರುವುದು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಊರೂ ಒಂದೇ ರಾತ್ರಿಯಲ್ಲಿ ಮುಂಬಯಿಗೆ ಬರುವಂತಾಯಿತು. ಸಂಬಂಧ ಉಳಿಸಿದ ರೈಲು ಅದು, ಅದರ ಮೇಲೆ ನನಗೆ ಕೃತಜ್ಞತೆಯಿದೆ. ಆದರೆ ಥಾಣೆಯಲ್ಲಿ ಇಳಿದವರಿಗೆ ಬೆಳಗಿನ ತಿಂಡಿ ಯಾರು ಮಾಡಬೇಕು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಆಗಿಲ್ಲ. ನೀವು ಈಗ ಆಡಬೇಕಾದ ಮಾತು ಅದೇ.

ಸುಳ್ಳಿನ ವಿಷಯಕ್ಕೆ ಬರುತ್ತೇನೆ. ಅದು ಏನೂ ಅಲ್ಲ ಎಂದು ಹೇಳಿ ನಿಮ್ಮನ್ನು ಸಮಾಧಾನಪಡಿಸುವುದು ಸುಲಭ, ನಾನು ಹಾಗೆ ಮಾಡುವುದಿಲ್ಲ. ನಿಮಗೆ ಚುಚ್ಚುತ್ತಿದೆ ಎಂದರೆ ನಿಮ್ಮ ದಾಂಪತ್ಯದಲ್ಲಿ ನಿಜಕ್ಕೆ ಬೆಲೆಯಿದೆ ಎಂದೇ ಅರ್ಥ. ಆದರೆ ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಒಂದಿದೆ. ಕಾರಣ ಹೇಳದೆ ಒಂದು ದಿನ ತೆಗೆದುಕೊಳ್ಳಲು ನಿಮಗೆ ದಾರಿಯೇ ಕಾಣಲಿಲ್ಲ. ಹಲ್ಲುನೋವು ಎಂದಿದ್ದರೆ ರಜೆ ಸಿಗುತ್ತಿತ್ತು, ಸಂಬಂಧಿಕರ ಮದುವೆ ಎಂದಿದ್ದರೆ ಸಿಗುತ್ತಿತ್ತು. "ದಣಿದಿದ್ದೇನೆ, ಒಬ್ಬಳೇ ಇರಬೇಕು" ಎಂದರೆ ಸಿಗದು ಎಂದು ನೀವು ನಂಬಿದ್ದಿರಿ. ನಿಜವಾಗಿಯೂ ಸಿಗುತ್ತಿರಲಿಲ್ಲವೇ? ನೀವು ಕೇಳಿಯೇ ನೋಡಿಲ್ಲ. ಗಂಡ ಒಳ್ಳೆಯವರು ಎಂದು ಬರೆದಿದ್ದೀರಿ. ಆ ಒಳ್ಳೆಯತನಕ್ಕೆ ಒಂದು ಅವಕಾಶ ಕೊಡಿ.

ಮುಚ್ಚಿಟ್ಟು ಇನ್ನೊಮ್ಮೆ ಹೋಗಬೇಡಿ. ಮಾಟುಂಗಾ ಎಂದರೆ ಕನ್ನಡಿಗರು, ತುಳುವರು ದಿನಾ ಓಡಾಡುವ ಜಾಗ. ಅಲ್ಲಿನ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಕ್ಕೆ ಹೊರಟ ಪರಿಚಯದವರೊಬ್ಬರು ನಿಮ್ಮನ್ನು ಕಂಡರೆ, ನಿಮ್ಮ ಬಾಯಿಂದ ಬರಬೇಕಾದ ಮಾತು ನಿಮ್ಮ ಗಂಡನಿಗೆ ಅವರ ಬಾಯಿಂದ ಬರುತ್ತದೆ. ಆಗ ಅದು ಬೇರೆಯೇ ಕತೆಯಾಗುತ್ತದೆ. ಯಾರೂ ಕಾಣದಿದ್ದರೂ, ಯಾರಾದರೂ ನೋಡುತ್ತಾರೇನೋ ಎಂದು ಹಿಂತಿರುಗಿ ನೋಡುತ್ತಾ ಉಂಡ ಊಟ ಮೊದಲ ಸಲದ ಹಾಗೆ ಮೈಗೆ ಹತ್ತುವುದಿಲ್ಲ.

ಹೇಗೆ ಹೇಳುವುದು? ಹಬ್ಬದ ದಿನ ಬೇಡ, ರಾತ್ರಿ ಪಾತ್ರೆ ತೊಳೆಯುತ್ತಾ ಬೇಡ, ಅತ್ತೆ ಮಕ್ಕಳ ಮುಂದೆ ಬೇಡ. ಭಾನುವಾರ ಬೆಳಿಗ್ಗೆ ನಿಮ್ಮ ಮುಲುಂಡ್‌ನ ಸಂಭಾಜಿ ಪಾರ್ಕಿಗೆ ಇಬ್ಬರೇ ನಡೆದುಹೋಗಿ. ಅಕ್ಕಪಕ್ಕ ನಡೆಯುತ್ತಿರುವಾಗ ಮುಖ ನೋಡದೆ ಹೇಳಬಹುದು, ಕಷ್ಟದ ಮಾತಿಗೆ ಅದು ಅನುಕೂಲ. ನಿಮ್ಮ ಮಾತು ಇಷ್ಟೇ ಇರಲಿ: "ಡಿಸೆಂಬರಿನಲ್ಲಿ ಒಂದು ದಿನ ರಜೆ ಹಾಕಿದ್ದೆ, ಮನೆಯಲ್ಲಿ ಹೇಳಲಿಲ್ಲ. ಮಾಟುಂಗಾಕ್ಕೆ ಹೋಗಿ ಒಬ್ಬಳೇ ಊಟ ಮಾಡಿ ಬಂದೆ. ತುಂಬಾ ದಣಿದಿದ್ದೆ. ಹೇಳಿದರೆ ನಿಮಗೆ ಬೇಜಾರಾಗ್ತದೋ ಅಂತ ಹೆದರಿದೆ. ಮುಚ್ಚಿಟ್ಟದ್ದು ನನಗೇ ಸರಿ ಕಾಣ್ತಾ ಇಲ್ಲ." ಅಲ್ಲಿಗೆ ನಿಲ್ಲಿಸಿ. ನಾದಿನಿಯ ಹೆಸರು ತರಬೇಡಿ. ಹಳೆಯ ಚೌತಿಯ ಲೆಕ್ಕ ತೆಗೆಯಬೇಡಿ. ಅವರಿಗೆ ಮೊದಲು ನೋವಾಗಬಹುದು. "ನನ್ನ ಹತ್ತಿರ ಯಾಕೆ ಹೇಳಲಿಲ್ಲ?" ಎಂದರೆ ಅದು ಗದರಿಕೆ ಎಂದು ತಿಳಿಯಬೇಡಿ, ಅದು ಪ್ರೀತಿಯಿಂದ ಬಂದ ಪ್ರಶ್ನೆಯೇ ಆಗಿರಬಹುದು. ಉತ್ತರ ಕೊಡಲು ಅವಸರ ಬೇಡ. ಎರಡು ದಿನ ಅವರು ಮಾತು ಕಡಿಮೆ ಮಾಡಿದರೂ ಗಾಬರಿಯಾಗಬೇಡಿ.

ಆಮೇಲೆ ಅವರು "ಮುಂದಿನ ಸಲ ಎಲ್ಲ ಹೊರಗಿಂದ ತರಿಸೋಣ" ಎನ್ನುತ್ತಾರೆ. ಬಹಳ ಗಂಡಸರಿಗೆ ಮೊದಲು ಹೊಳೆಯುವ ಪರಿಹಾರ ಅದು. ಒಪ್ಪಿಕೊಳ್ಳಿ. ದೀಪಾವಳಿಯ ಹೊತ್ತಿಗೆ ಮಹಿಳಾ ಬಚತ್ ಗಟ್‌ಗಳವರು, ಅಂದರೆ ಸ್ವಸಹಾಯ ಸಂಘಗಳವರು, ಮನೆಯ ರುಚಿಯ ಫರಾಳ್ ಮಾಡಿ ಮಾರುತ್ತಾರೆ. ಡಬ್ಬಿ ತುಂಬಲು ಅದು ಸಾಕು, ನೆರೆಯ ಮರಾಠಿ ವಹಿನಿಯೇ ಎಷ್ಟೋ ಸಲ ಅದನ್ನೇ ತುಂಬಿರುತ್ತಾಳೆ. ಆದರೆ ದುಡ್ಡು ಕೊಟ್ಟು ತರಿಸಿದ ಮಾತ್ರಕ್ಕೆ ಕೆಲಸ ಹಂಚಿಕೊಂಡಂತಾಗುವುದಿಲ್ಲ. ಏನು ತರಿಸಬೇಕು, ಯಾವಾಗ, ಯಾರ ಡಬ್ಬಿ ಯಾವುದು ಎಂದು ನೆನಪಿಡುವ ಕೆಲಸ ಆಗಲೂ ನಿಮ್ಮ ತಲೆಯಲ್ಲೇ ಉಳಿಯುತ್ತದೆ. ಅದಕ್ಕೇ "ಸ್ವಲ್ಪ ಸಹಾಯ ಮಾಡಿ" ಎಂದು ಕೇಳಬೇಡಿ. ಒಂದು ಕೆಲಸವನ್ನು ಬೇರುಸಹಿತ ಕೊಟ್ಟುಬಿಡಿ. ಊರಿನ ನೆಂಟರ ಮೊದಲ ದಿನ ಪೂರ್ತಿ ಅವರದು: ಹಿಂದಿನ ರಾತ್ರಿ ಹಿಟ್ಟು ಇದೆಯೇ ಎಂದು ನೋಡುವುದರಿಂದ ಹಿಡಿದು, ಥಾಣೆಗೆ ಹೋಗಿ ಕರೆತಂದು, ತಿಂಡಿ ಕೊಟ್ಟು, ಲೋಟ ತೊಳೆದಿಡುವ ತನಕ. ದೋಸೆ ಹರಿದರೆ ಹರಿಯಲಿ. ನೀವು ಒಳಗೆ ಹೋಗಿ ಕಾವಲಿ ಕಿತ್ತುಕೊಳ್ಳದಿರುವುದೇ ನಿಮಗೆ ಕಷ್ಟದ ಭಾಗ, ಅದನ್ನು ನೀವು ಸಾಧಿಸಲೇಬೇಕು.

ಮಗಳನ್ನು ಇದಕ್ಕೆ ಎಳೆಯಬೇಡಿ. ಅವಳಿಗೆ ಬೋರ್ಡ್ ಪರೀಕ್ಷೆ ಮುಂದಿದೆ, ಮೇಲಾಗಿ ಅಮ್ಮನ ಭಾರ ಮಗಳಿಗೆ ದಾಟುವುದು ನಮ್ಮಲ್ಲಿ ಬಹಳ ಹಿಂದಿನಿಂದ ಬಂದ ತಪ್ಪು. ಕಲಿಸಬೇಕಾದದ್ದು ಮಗನಿಗೆ. ಏಳನೆಯ ತರಗತಿಯ ಹುಡುಗ ಅಕ್ಕಿ ತೊಳೆದು ಕುಕ್ಕರ್ ಇಡಬಲ್ಲ. ಮಗಳಿಗೆ ಒಂದು ದಿನ ನಿಜ ಹೇಳಿ, ಪರೀಕ್ಷೆ ಮುಗಿದ ಮೇಲೆ. ಅಮ್ಮ ಸುಳ್ಳು ಹೇಳಿ ವಿಶ್ರಾಂತಿ ಪಡೆದಳು ಎಂಬುದಷ್ಟೇ ಅವಳಿಗೆ ಗೊತ್ತಿರಬಾರದು. ಆಮೇಲೆ ಕೇಳಿ ಪಡೆದಳು ಎಂಬುದೂ ಅವಳ ಕಣ್ಣಿಗೆ ಬೀಳಲಿ.

ಅತ್ತೆಯ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಅವರಿಗೆ ಹೆದರುತ್ತೀರೋ ಏನೋ. ಅವರೊಡನೆ ಮಾತು ತೆಗೆಯಲು ಒಂದು ನೆಪವಿದೆ: ಫೆಬ್ರವರಿಯಲ್ಲಿ ಕೆಡ್ಡಸ ಬರುತ್ತದೆ. ಮಕರ ಮಾಸದ ಕೊನೆಗೆ ಭೂಮಿ ಮುಟ್ಟಾಗುತ್ತಾಳೆಂದು ತುಳುನಾಡಿನಲ್ಲಿ ಮೂರು ದಿನ ನೇಗಿಲು ಹೂಡುವುದಿಲ್ಲ, ಗುದ್ದಲಿ ತಾಗಿಸುವುದಿಲ್ಲ. ಹುರಿದ ಅಕ್ಕಿಗೆ ಬೆಲ್ಲ, ಕಾಯಿ ಬೆರೆಸಿ ತಿನ್ನುತ್ತಾರೆ. ಕೊನೆಗೆ ಭೂಮಿಗೆ ಎಣ್ಣೆ, ಅರಸಿನ ಇಟ್ಟು ಮೀಯಿಸುತ್ತಾರೆ. ಕಾರ್ಕಳದ ಕಡೆಯ ನಿಮ್ಮ ಅತ್ತೆ ಇದನ್ನು ನೋಡಿಯೇ ಬೆಳೆದಿರುತ್ತಾರೆ. ಒಂದು ಮಧ್ಯಾಹ್ನ ಅವರ ಪಕ್ಕ ಕೂತು ಕೇಳಿ: ಆ ದಿನಗಳಲ್ಲಿ ಮನೆಯಲ್ಲಿ ಏನೇನು ಮಾಡುತ್ತಿದ್ದರು, ನಿಮಗೆ ಯಾವಾಗ ಬಿಡುವಿರುತ್ತಿತ್ತು, ತವರಿಗೆ ಎಂದು ಹೋಗುತ್ತಿದ್ದಿರಿ? ಹೆಂಗಸರಿಗೆ ತವರು ಎಂಬ ರಜೆಯಾದರೂ ಇದ್ದ ಕಾಲ ಅವರದು, ಆಟಿ ತಿಂಗಳಲ್ಲಿ ಹೊಸ ಮದುಮಗಳು ತಾಯಿಮನೆಗೆ ಹೋಗಿ ಕೂರುವ ಪದ್ಧತಿಯಿತ್ತು. ದುಡಿಯುವ ನೆಲಕ್ಕೇ ಬಿಡುವು ಕೊಡಬೇಕೆಂದು ತಿಳಿದಿದ್ದ ಜನರ ನಡುವಿನಿಂದ ಬಂದವರು ಅವರು. ದಣಿವಿನ ಮಾತು ಅವರಿಗೆ ಅರ್ಥವಾಗುವುದಿಲ್ಲ ಎಂದು ನೀವು ಮೊದಲೇ ತೀರ್ಮಾನಿಸಬೇಡಿ. ಅವರ ಜೀವಮಾನದ ಹಬ್ಬಗಳನ್ನೂ ಯಾರೂ ಲೆಕ್ಕ ಹಿಡಿದಿಲ್ಲ.

ಖಿನ್ನತೆಯೇ ಎಂದು ಕೇಳಿದ್ದೀರಿ. ಖುಷಿಪಡಲು ನಿಮಗೆ ಇನ್ನೂ ಸಾಧ್ಯವಾಗುತ್ತಿದೆ, ಒಂದು ದಿನದ ಬಿಡುವಿಗೆ ಮನಸ್ಸು ಅರಳಿದೆ, ಇದು ಒಳ್ಳೆಯ ಲಕ್ಷಣ. ಆದರೆ ಎರಡು ವಾರಕ್ಕೂ ಮೀರಿ ಪ್ರತಿದಿನ ಮಂಕು ಕವಿದಿದ್ದರೆ, ನಿದ್ದೆ ಹಸಿವು ಕೆಟ್ಟರೆ, ಇಷ್ಟವಾದ ಯಾವುದೂ ಇಷ್ಟವಾಗದಿದ್ದರೆ, ಬದುಕು ಸಾಕು ಎನಿಸಿದರೆ ತಡಮಾಡದೆ ವೈದ್ಯರ ಬಳಿ ಹೋಗಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಗಳಿಂದಲೂ ಅಳು, ಸಿಡುಕು, ನಿದ್ದೆಗೇಡು ಬರುವುದುಂಟು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಒಮ್ಮೆ ನೋಡಿಸಿಕೊಳ್ಳಿ. ಇದನ್ನು ಮುಂದೂಡಬೇಡಿ.

ಇನ್ನು ನಿಮ್ಮ ದಿನ. ತಿಂಗಳಿಗೊಂದು ಎಂದು ದೊಡ್ಡ ಸಂಕಲ್ಪ ಬೇಡ, ಮುರಿದುಹೋಗುತ್ತದೆ. ಪ್ರತಿ ಹಬ್ಬದ ಸಾಲು ಮುಗಿದ ಮರುವಾರ ಒಂದು ದಿನ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣುವಂತೆ ಗುರುತು ಹಾಕಿ. ಎಲ್ಲಿಗೆ ಹೋಗುತ್ತೀರೆಂದು ಹೇಳಿ ಹೋಗಿ, ಡಬ್ಬಿ ಕಟ್ಟಿಕೊಳ್ಳದೆ ಹೋಗಿ. ಮನೆಯವರೊಂದಿಗೆ ಹೊರಡುವ ಇನ್ನೊಂದು ದಿನವೂ ಇರಲಿ, ಅದು ಬೇರೆ. ಚಳಿಗಾಲ ಥಾಣೆ ಖಾರಿಗೆ ಫ್ಲೆಮಿಂಗೊಗಳು ಬರುವ ಕಾಲ, ಮುಲುಂಡ್‌ನಿಂದ ಸೇತುವೆ ದಾಟಿದರೆ ಐರೋಳಿ. ಬುತ್ತಿ ಕಟ್ಟದೆ, ಎಲ್ಲರೂ ಹೋಗಿ ನೋಡಿ ಬನ್ನಿ.

ಮೇ ರಜೆಯ ಮಾತನ್ನೂ ಈಗಲೇ ಆಡಿಬಿಡಿ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ಮಾರ್ಚ್ ಶುರುವಾಗುವುದರೊಳಗೆ ಯಾರು ಎಲ್ಲಿಗೆ ಎಂದು ತೀರ್ಮಾನವಾಗಬೇಕು. ಈ ಸಲ ನೀವೇ ಊರಿಗೆ ಹೋಗಿ, ನಾದಿನಿಯ ಮನೆಗೆ. ಅವರ ಮೇಲೂ ಭಾರ ಹಾಕದೆ, ಇಬ್ಬರೂ ಸೇರಿ ಅಡುಗೆ ಮಾಡಿ, ಗಂಡಸರಿಗೆ ಮೀನು ತರುವುದರ ಜೊತೆ ಅದನ್ನು ಶುಚಿಮಾಡುವ ಕೆಲಸವನ್ನೂ ವಹಿಸಿ. "ರಜೆ ಅಂದ್ರೆ ಹೀಗಿರಬೇಕು" ಎಂದ ನಾದಿನಿಗೂ ಆ ಮುಂಬಯಿ ವಾರ ಬಿಟ್ಟರೆ ವರ್ಷದಲ್ಲಿ ಬೇರೆ ರಜೆ ಇತ್ತೋ ಇಲ್ಲವೋ, ಅಲ್ಲಿಗೆ ಹೋದಾಗ ಕೇಳಿ.